ನನ್ನ ಹೆಸರಿನಲ್ಲಿ ಆಡಿದವನು

ನಾನು ಫುಟ್ಬಾಲಿನಲ್ಲಿ ಬ್ಯಾಕ್ ಆಟಗಾರನಾದದ್ದು ಧೈರ್ಯಕ್ಕಲ್ಲ, ಓಡಲು ಬಾರದ್ದಕ್ಕೆ. ಹೈಸ್ಕೂಲು ಓದಲೆಂದು ನಿಪ್ಪಾಣಿಯ ಸೋದರಮಾವನ ಮನೆಗೆ ಬಂದು ಸೇರಿದವನು ಮೊದಲ ವಾರದಲ್ಲೇ ಮೈದಾನ ಹುಡುಕಿಕೊಂಡು ಹೋದೆ. ಅದರ ಆಚೆ ಬದಿಗೆ ತಂಬಾಕಿನ ಗೋದಾಮುಗಳಿದ್ದವು. ಗಾಳಿ ಬೀಸಿದರೆ ಎರಡೂ ತಂಡದವರು ಆಟ ಬಿಟ್ಟು ಒಟ್ಟಿಗೆ ಸೀನುತ್ತಿದ್ದರು. ಚುರುಕಾದವರೆಲ್ಲ ಮುಂದೆ ಓಡಿದರು. ಉದ್ದಕ್ಕೆ ಬೆಳೆದು ಮಂದವಾಗಿದ್ದ ನನ್ನನ್ನು ಗೋಲಿನ ಮುಂದೆ ನಿಲ್ಲಿಸಿ, ಬಂದದ್ದನ್ನೆಲ್ಲ ಒದ್ದು ಆಚೆ ಹಾಕು ಅಂದರು. ಹದಿಮೂರು ವರ್ಷ ಅದನ್ನೇ ಮಾಡಿದೆ.

ಬ್ಯಾಕ್ ಆಡಿದವರಿಗಷ್ಟೇ ಗೊತ್ತಾಗುವ ಒಂದು ಸಂಕಟವಿದೆ. ಮುಂದೆ ಆಡುವವನು ಹತ್ತು ಸಲ ತಪ್ಪಿ ಒಂದು ಸಲ ಗೋಲು ಹೊಡೆದರೆ ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ನಾವು ಹತ್ತು ಸಲ ತಡೆದು ಒಂದು ಸಲ ತಪ್ಪಿದರೆ ಬಸ್‌ಸ್ಟ್ಯಾಂಡಿನವರೆಗೂ ಬೈಯುತ್ತ ಹಿಂದೆ ಬರುತ್ತಾರೆ. ಬಹುಮಾನ ಕೊಡುವಾಗ ಮೈಕಿನಲ್ಲಿ ಎಷ್ಟೋ ಹೆಸರು ಕೂಗಿದರು. ನನ್ನದು ಒಮ್ಮೆಯೂ ಇರಲಿಲ್ಲ. ಇದು ನನಗೆ ಚುಚ್ಚುತ್ತಿತ್ತು. ಈಗ ಬರೆಯುವಾಗ ನಾಚಿಕೆಯಾದರೂ ಸುಳ್ಳು ಹೇಳುವುದಿಲ್ಲ, ಬಹಳ ಚುಚ್ಚುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅಥಣಿಯ ಒಂದು ಪಂದ್ಯದಲ್ಲಿ ನನ್ನ ಬಲ ಮೊಣಕಾಲು ತಿರುಗಿತು. ಕೊಕಟನೂರಿನ ಕಡೆ ಮೂಳೆ ಕೂರಿಸುವವರೊಬ್ಬರ ಹತ್ತಿರ ಮೂರು ತಿಂಗಳು ಎಣ್ಣೆ ಹಚ್ಚಿಸಿಕೊಂಡೆ. ಕಾಲು ನಡೆಯಲು ಬಂತು, ಆಡಲು ಬರಲಿಲ್ಲ. ನಮ್ಮ ತಂಡವನ್ನು ನಡೆಸುತ್ತಿದ್ದ ತಾಲೀಮಿನ, ಅಂದರೆ ಗರಡಿಮನೆಯ, ಹಿರಿಯರು ನನ್ನ ಮುಖ ನೋಡಿ ಕನಿಕರಪಟ್ಟು, "ಮ್ಯಾನೇಜರ್ ಆಗಪಾ," ಅಂದರು. ಮ್ಯಾನೇಜರ್ ಎಂದರೆ ಕೋಟು ಹಾಕಿಕೊಂಡು ಗೆರೆಯ ಹೊರಗೆ ಕೈ ಬೀಸುವವನೆಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಅವನು ಟೆಂಪೊ ಗೊತ್ತುಮಾಡಬೇಕು, ಬಾಲಿನ ಬ್ಲ್ಯಾಡರಿಗೆ ತೇಪೆ ಹಾಕಿಸಬೇಕು, ಆಟಗಾರರ ಮಾಲೀಕರ ಕೈಕಾಲು ಹಿಡಿದು ಅವರಿಗೆ ರಜೆ ಕೊಡಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಫಾರ್ಮು ತುಂಬಬೇಕು. ಏಳನೆಯವರೆಗೆ ಮರಾಠಿ ಶಾಲೆ, ಆಮೇಲೆ ಕನ್ನಡ ಶಾಲೆ ಓದಿದ್ದ ನನಗೆ ಎರಡೂ ಕಡೆಯ ಫಾರ್ಮು ತುಂಬಲು ಬರುತ್ತಿತ್ತು. ಆ ಹುದ್ದೆಗೆ ಬೇಕಾದ ಯೋಗ್ಯತೆ ಅಷ್ಟೇ.

ಎರಡೂ ಕಡೆ ಎಂದೆ. ಗಡಿಯ ತಂಡಗಳಲ್ಲಿ ಆಗ ಒಂದು ರೂಢಿಯಿತ್ತು. ಈ ಕಡೆ ಹೆಸರು ನೋಂದಾಯಿಸಿದ ಆಟಗಾರ ಅದೇ ವರ್ಷ ಗಡಿಯಾಚೆ ಮಹಾರಾಷ್ಟ್ರದಲ್ಲಿ ಆಡಬೇಕೆಂದರೆ ಅನುಮತಿಯ ಕಾಗದ ಬೇಕಿತ್ತು. ಆ ಕಾಗದ ಕೈಗೆ ಬರುವಷ್ಟರಲ್ಲಿ ಪಂದ್ಯಾವಳಿಯ ಪೆಂಡಾಲು ಬಿಚ್ಚಿರುತ್ತಿದ್ದರು. ಆದ್ದರಿಂದ ಮ್ಯಾನೇಜರುಗಳೆಲ್ಲ ಎರಡು ಪಟ್ಟಿ ಇಡುತ್ತಿದ್ದೆವು. ಈ ಕಡೆಯ ಪಟ್ಟಿಯಲ್ಲಿ ಆಟಗಾರರ ಸ್ವಂತ ಹೆಸರು. ಆ ಕಡೆಯ ಪಟ್ಟಿಯಲ್ಲಿ ಅಣ್ಣನದೋ, ಕಾಕಾನದೋ, ಆಟ ಬಿಟ್ಟವನದೋ ಹೆಸರು. ಫೋಟೊ ಹಚ್ಚುವ ನಿಯಮ ಇನ್ನೂ ಬಂದಿರಲಿಲ್ಲ. ಹೊಲ ಈ ಕಡೆ, ಬೀಗರು ಆ ಕಡೆ ಇರುವ ಸೀಮೆಯಲ್ಲಿ ಇದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ. ಲಗ್ನಪತ್ರಿಕೆಯನ್ನು ಎರಡು ಭಾಷೆಯಲ್ಲಿ ಅಚ್ಚು ಹಾಕಿಸಿದಷ್ಟೇ ಸಹಜವಾಗಿತ್ತು. ಮೊಣಕಾಲು ಹೋದಮೇಲೆ ನನ್ನ ಹೆಸರೂ ಆಚೆ ಕಡೆಯ ಪಟ್ಟಿಗೆ ಸೇರಿತು. ಯಾರೂ ಅದರಲ್ಲಿ ಆಡದೆ ಅದು ಅಲ್ಲಿ ಸುಮ್ಮನೆ ಬಿದ್ದಿತ್ತು.

ಮನೆಯ ಕಬ್ಬಿನ ಹೊಲವನ್ನು ಅಣ್ಣಂದಿರು ನೋಡಿಕೊಳ್ಳುತ್ತಿದ್ದರು. ನನಗೆ ಚಿಕ್ಕೋಡಿ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸ ಸಿಕ್ಕಿತ್ತು: ಕಬ್ಬಿನ ಗಾಡಿ ತೂಗುವ ಕಾಟಾದ ಹತ್ತಿರ ಕೂತು ಚೀಟಿ ಬರೆಯುವುದು. ಕಬ್ಬು ನುರಿಸುವುದು ನಿಂತ ದಿನ ನನ್ನ ಕೆಲಸವೂ ನಿಲ್ಲುತ್ತಿತ್ತು. ವರ್ಷದಲ್ಲಿ ಅರ್ಧ ಕಾರಕೂನ, ಅರ್ಧ ನಿರುದ್ಯೋಗಿ. ಕಾಯಂ ಆಗಬೇಕೆಂದು ಎಲ್ಲರಂತೆ ನಾನೂ ಬಾಯಿ ಬಿಡುತ್ತಿದ್ದೆ.

ಅವನನ್ನು ಮೊದಲು ನೋಡಿದ್ದು ಆ ಕಾಟಾದ ಅಂಗಳದಲ್ಲೇ. ದಿಗ್ಗೇವಾಡಿಯವನು, ಇಪ್ಪತ್ತಮೂರು ವಯಸ್ಸು. ಹತ್ತನೆಯ ಇಯತ್ತೆ ಪಾಸಾಗಿಯೂ ಬೇರೆ ಕೆಲಸ ಸಿಗದೆ ತಾಯಿಯ ಜೊತೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಬಂದಿದ್ದ. ಗಾಡಿಗಳು ಸರದಿಗಾಗಿ ತಾಸುಗಟ್ಟಲೆ ನಿಲ್ಲುವಾಗ ಗ್ಯಾಂಗಿನ ಗಂಡಸರು ಕಬ್ಬಿನ ಒಣ ಗರಿಯ ರವದಿಯ ಮೇಲೆ ಬಾಲು ಆಡುತ್ತಿದ್ದರು. ಕಿಟಕಿಯಿಂದ ನೋಡುತ್ತ ಕೂತೆ. ಎದುರಿನವನು ಎಡಕ್ಕೆ ಬಾಗಿದ, ಬಲಕ್ಕೆ ಬಾಗಿದ. ಇವನು ಬರಿಗಾಲಲ್ಲಿ ಸುಮ್ಮನೆ ಎದುರಿಗೆ ನಿಂತ. ಕಡೆಗೆ ಎದುರಿನವನಿಗೇ ಬೇಸರವಾಗಿ ಬಾಲನ್ನು ಇವನ ಕಾಲಿಗೇ ಒದ್ದ. ನಾನು ಚೀಟಿ ಬರೆಯುವುದನ್ನು ಬಿಟ್ಟು ಹೊರಗೆ ಹೋದೆ.

"ಎಲ್ಲಿ ಕಲತಿ?" ಅಂದೆ.

"ಎಲ್ಲೂ ಇಲ್ರಿ ಸಾಹೇಬ್ರ. ಹೊಳಿ ದಂಡ್ಯಾಗ ಉಸುಕಿನ್ಯಾಗ ಆಡತಿದ್ವಿ."

"ಕಾಲ ಯಾಕ ಚಾಚಲಿಲ್ಲ?"

"ಚಾಚಿದ್ರ ಅಂವ ದಾಟಿ ಹೋಗ್ತಾನ್ರಿ. ನಾ ನಿಂತ್ರ ಅಂವಗೂ ನಿಂದರಬೇಕಾಗ್ತೈತಿ."

ನಾನು ಹದಿಮೂರು ವರ್ಷ ಆಡಿ ಕಲಿಯದ್ದನ್ನು ಅವನು ಎರಡು ಮಾತಿನಲ್ಲಿ ಹೇಳಿ ಮತ್ತೆ ಗಾಡಿ ಹತ್ತಿದ. ಮುಂದಿನ ಭಾನುವಾರ ಅವನನ್ನು ನಿಪ್ಪಾಣಿಗೆ ಕರೆದುಕೊಂಡು ಹೋದೆ. ನನ್ನ ಹಳೆಯ ಬೂಟು ಕೊಟ್ಟೆ. ಒಂದು ಅಂಕಿ ದೊಡ್ಡವು, ಮುಂದೆ ಚಿಂದಿ ತುರುಕಿಕೊಂಡು ಆಡುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಅವನ ಬಾಯಲ್ಲಿ ನಾನು ಸಾಹೇಬ್ರು ಹೋಗಿ ಅಣ್ಣಾರಾದೆ. ನಾನು ಅವನಿಗೆ ಬಾಲು ಹೆಡ್ ಮಾಡುವುದನ್ನು, ರೆಫರಿಯ ಕಣ್ಣು ತಪ್ಪಿಸಿ ಅಂಗಿ ಹಿಡಿಯುವುದನ್ನು ಹೇಳಿಕೊಟ್ಟೆ. ಮೊದಲನೆಯದನ್ನು ಕಲಿತ, ಎರಡನೆಯದನ್ನು ಕಲಿಯಲಿಲ್ಲ. ಪಂದ್ಯ ಮುಗಿಸಿ ನನ್ನ ಮನೆಗೆ ಬಂದರೆ ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಒಳಗೆ ಬಾ ಎಂದು ನಾನು ಕರೆದದ್ದು ನನಗೆ ನೆನಪಿಲ್ಲ, ಕರೆದಿದ್ದರೆ ನೆನಪಿರುತ್ತಿತ್ತು.

ಆ ವರ್ಷ ಗಡಿಯಾಚೆಯ ಒಂದು ಊರಿನ ಪಂದ್ಯಾವಳಿಗೆ ನಮಗೆ ಕರೆ ಬಂತು. ಹೊರಡುವ ಎರಡು ದಿನ ಮೊದಲು ನಮ್ಮ ಸ್ಟಾಪರ್ ಬ್ಯಾಕಿಗೆ ಕಾಮಾಲೆಯಾಯಿತು. ದಿಗ್ಗೇವಾಡಿಯವನ ಹೆಸರು ಈ ಕಡೆಯ ಪಟ್ಟಿಯಲ್ಲಿತ್ತು, ಅಲ್ಲಿ ಆಡುವಂತಿರಲಿಲ್ಲ. ನಾನು ಎರಡನೆಯ ಯೋಚನೆಯನ್ನೇ ಮಾಡದೆ, "ನನ್ನ ಹೆಸರಿನ್ಯಾಗ ಆಡ," ಅಂದೆ. ಅವನು ನಕ್ಕ. ಟೆಂಪೊದಲ್ಲಿ ದಾರಿಯುದ್ದಕ್ಕೂ ಹುಡುಗರು ಅವನನ್ನು ನನ್ನ ಹೆಸರಿನಿಂದ ಕರೆದು ಗೋಳು ಹೊಯ್ದುಕೊಂಡರು. ಅವನೂ ಹುಬ್ಬು ಗಂಟಿಕ್ಕಿ, ನನ್ನ ಹಾಗೆ ಕುಂಟುತ್ತ ನಡೆದು ತೋರಿಸಿದ. ನಾನೂ ನಕ್ಕೆ. ನಾವು ಹಾಗೆ ನಕ್ಕದ್ದು ಅದೇ ಕೊನೆ ಇರಬೇಕು.

ಐದು ಪಂದ್ಯ ಆಡಿದೆವು. ನಮ್ಮ ಗೋಲಿನೊಳಗೆ ಒಂದು ಬಾಲೂ ಹೋಗಲಿಲ್ಲ. ಆ ಊರಿನ ಜನ ಫುಟ್ಬಾಲ್ ಎಂದರೆ ಪ್ರಾಣ ಬಿಡುವವರು, ಹೊರಗಿನ ತಂಡವನ್ನು ಬೈಯುವುದರಲ್ಲಿ ಕೈ ಪಳಗಿದವರು. ಅಂಥವರೇ ಫೈನಲ್ಲಿನಲ್ಲಿ ಇವನು ಬಾಲು ತಡೆದಾಗ ಎದ್ದು ನಿಂತು ಚಪ್ಪಾಳೆ ಹೊಡೆದರು. ಬ್ಯಾಕ್ ಆಟಗಾರನಿಗೆ ಜನ ಎದ್ದು ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಒಂದು ಗೋಲಿನಿಂದ ಗೆದ್ದೆವು.

ಬಹುಮಾನದ ಹೊತ್ತಿಗೆ ಪಂದ್ಯಾವಳಿಯ ಉತ್ತಮ ರಕ್ಷಣಾ ಆಟಗಾರ ಎಂದು ಮೈಕಿನಲ್ಲಿ ನನ್ನ ಹೆಸರನ್ನು ಕೂಗಿದರು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ. ಅರ್ಧ ಎದ್ದವನು ಪ್ಯಾಂಟಿನ ಧೂಳು ಝಾಡಿಸಿದಂತೆ ಮಾಡಿ ಮತ್ತೆ ಕೂತೆ. ಅವನು ನನ್ನ ಬೂಟು ಹಾಕಿಕೊಂಡು ಹೋಗಿ ಹಾರಕ್ಕೆ ಕೊರಳು ಬಗ್ಗಿಸಿದ. ಆಗಲೇ ಪೇಪರಿನವನು ಫೋಟೊ ತೆಗೆದದ್ದು. ಅದರಲ್ಲಿ ಅವನ ನೆತ್ತಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸರ್ಟಿಫಿಕೇಟನ್ನು ಅವನು ನೇರ ನನ್ನ ಹತ್ತಿರ ತಂದ.

"ನಿಮ್ಮ ಹೆಸರಿಂದ್ರಿ ಅಣ್ಣಾರ, ತಗೋರಿ," ಅಂದ. ಮುಖದ ತುಂಬ ಬೆವರು, ಖುಷಿ. ತಗೊಂಡೆ.

ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ನಾನೇ ಮೊಳೆ ಹೊಡೆದು ತೂಗುಹಾಕಿದೆ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ಆಡಿದಾಂವಗ ಕೊಟ್ಟ ಬರ್ರಿ," ಅಂದಳು.

"ಅದರ ಮ್ಯಾಲ ನನ್ನ ಹೆಸರ ಐತಿ. ಅಂವ ತಗೊಂಡು ಏನ ಮಾಡ್ತಾನ?" ಅಂದೆ.

ಮನೆಯ ಎಲ್ಲ ಫೋಟೊಗಳ ಧೂಳು ಒರೆಸುವವಳು ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಪೇಪರಿನಲ್ಲಿ ಬಂದ ಹೆಸರನ್ನು ಕಾರ್ಖಾನೆಯ ಅಧ್ಯಕ್ಷರು ಓದಿದರು. ಆಟವೆಂದರೆ ಅವರಿಗೆ ಹುಚ್ಚು. ನನ್ನನ್ನು ಕರೆಸಿ, ಹತ್ತು ಜನರ ಎದುರಿಗೆ ಬೆನ್ನು ತಟ್ಟಿದರು. "ಮೊಣಕಾಲ ಹ್ವಾತು ಅಂತ ಅಂದಿದ್ರಲ್ಲಪಾ ಎಲ್ಲಾರೂ! ಹುಲಿ ಅದಿ ನೀ!" ಅಂದರು. ಆಟಗಾರರನ್ನು ಕಾಟಾದ ಹತ್ತಿರ ಕೂರಿಸಿ ಹಂಗಾಮಿನ ಚೀಟಿ ಬರೆಸುವುದು ಕಾರ್ಖಾನೆಗೆ ಮರ್ಯಾದೆಯಲ್ಲವೆಂದು ಅಲ್ಲೇ ನನ್ನನ್ನು ಕಾಯಂ ಮಾಡಲು ಹೇಳಿದರು. 'ಆಡಿದ್ದು ನಾನಲ್ಲ' ಎನ್ನಲು ಎರಡೇ ಶಬ್ದ ಬೇಕಿತ್ತು. ಕೈ ಮುಗಿದೆ. ಹೊರಗೆ ಬರುತ್ತ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಮೊದಲು ನಾನು ಗಟ್ಟಿಯಾದರೆ ತಾನೇ ಅವನನ್ನು ಒಳಗೆ ತರಬಹುದು. ಒಮ್ಮೆ ಕೇಳಿಯೂ ಕೇಳಿದೆ. ಮುಂದಿನ ವರ್ಷ ನೋಡೋಣ ಅಂದರು. ಮುಂದಿನ ವರ್ಷ ನಾನು ಕೇಳಲಿಲ್ಲ.

ಎರಡು ಹಂಗಾಮು ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಕುಡುಗೋಲನ್ನು ಗಾಡಿಯಲ್ಲೇ ಬಿಟ್ಟು, ಕೈಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು ಆಫೀಸಿನ ಬಾಗಿಲಿಗೆ ಬಂದ.

"ಅಣ್ಣಾರ, ಆಟಗಾರರಿಗೆ ಸರಕಾರಿ ಜಾಗಾ ಕರದಾರ್ರಿ. ಹತ್ತನೇತ್ತ ಆಗಿದ್ರ ಸಾಕಂತ. ದೊಡ್ಡ ಪಂದ್ಯಾವಳಿ ಗೆದ್ದದ್ದು ಸರ್ಟಿಫಿಕೇಟ್ ಒಂದ ಬೇಕಂತ."

"ಅದರ ಮ್ಯಾಲ ನಿನ್ನ ಹೆಸರಿಲ್ಲಲ್ಲೋ," ಅಂದೆ.

"ಗೊತ್ತೈತ್ರಿ. ಆ ಹೆಸರಿನ್ಯಾಗ ಆಡಿದಾಂವ ಇಂವನ ಅಂತ ನೀವು ಮ್ಯಾನೇಜರ್ ಬರದ ಕೊಟ್ರ, ನೋಡೂನು ಅಂದಾರ ಆ ಆಫೀಸಿನ್ಯಾಗ. ಕೇಳ್ಕೊಂಡ ಬಂದೀನ್ರಿ."

ನಾಳೆ ಬಾ ಅಂದೆ. ಆ ಸಂಜೆಯೆಲ್ಲ ಲೆಕ್ಕ ಹಾಕಿದೆ. ಹಾಗೆ ಬರೆದರೆ ಎರಡೂ ಕಡೆಯವರು ನಮ್ಮ ತಂಡವನ್ನು ಹೊರಗೆ ಹಾಕುತ್ತಾರೆ, ಹನ್ನೊಂದು ಜನರ ಆಟ ಹಾಳಾಗುತ್ತದೆ. ಇದು ನಿಜವೇ. ಆದರೆ ನನ್ನ ನಿದ್ದೆ ಕೆಡಿಸಿದ್ದು ಹನ್ನೊಂದು ಜನರಲ್ಲ, ನನ್ನ ಕಾಯಂ ನೌಕರಿ. ಆ ಹನ್ನೊಂದು ಜನರನ್ನು ಮುಂದೆ ನಿಲ್ಲಿಸಿಕೊಂಡು ನಾನು ಅವರ ಹಿಂದೆ ಬಚ್ಚಿಟ್ಟುಕೊಂಡೆ. ತಂಡದ ಲೆಟರ್‌ಹೆಡ್ಡಿನ ಮೇಲೆ ಒಂದು ಪತ್ರ ಬರೆದೆ: ಈತನು ಒಳ್ಳೆಯ ನಡತೆಯವನು, ಅಭ್ಯಾಸಕ್ಕೆ ತಪ್ಪದೆ ಬರುವವನು, ತಂಡದ ಜೊತೆ ಹೊರಗಿನ ಪಂದ್ಯಾವಳಿಗೆ ಪ್ರವಾಸ ಮಾಡಿದ್ದಾನೆ. ಕೆಳಗೆ ಠೀವಿಯಿಂದ ಸಹಿ ಹಾಕಿ, ಶಿಕ್ಕಾ ಒತ್ತಿದೆ.

ಮರುದಿನ ಅವನು ನಿಂತೇ ಓದಿದ. ಎರಡು ಸಲ ಓದಿದ.

"ಪ್ರವಾಸ ಮಾಡೇನಿ ಅಂತ ಬರದೀರಿ."

"ಹೂಂ."

"ಆಡೇನಿ ಅಂತ ಇಲ್ಲಲ್ರಿ."

ನನಗೆ ಸಿಟ್ಟು ಬಂತು. ತಪ್ಪು ಮಾಡಿ ಸಿಕ್ಕಿಬಿದ್ದವನಿಗೆ ಬರುವ ಸಿಟ್ಟು, ಅದಕ್ಕೆ ಜೋರು ಹೆಚ್ಚು. "ಇಷ್ಟ ಬರದದ್ದ ಹೆಚ್ಚಾತು! ನಿನ್ನ ಸಲುವಾಗಿ ಟೀಮ ಮುಳಗಿಸ್ಲೇನ?" ಎಂದು ಕಾಟಾದ ಹತ್ತಿರ ನಿಂತವರೆಲ್ಲ ತಿರುಗಿ ನೋಡುವಂತೆ ಒದರಿದೆ.

"ಬ್ಯಾಡ್ರಿ ಸಾಹೇಬ್ರ," ಅಂದ.

ಅಣ್ಣಾರ ಹೋಗಿ ಮತ್ತೆ ಸಾಹೇಬ್ರ ಬಂದಿತ್ತು. ಅದು ತಾನಾಗಿ ಬಂತೋ, ಅವನು ಬೇಕೆಂದೇ ಅಂದನೋ, ಕೇಳುವ ಮುಖ ನನಗಿರಲಿಲ್ಲ.

ಅರ್ಜಿಯ ಜೊತೆ ಅದೇ ಪತ್ರ ಹಚ್ಚಿ ಕಳಿಸಿದನಂತೆ. ಕರೆ ಬರಲಿಲ್ಲ. ಬಂದು ನಾಲ್ಕು ಮಾತು ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವನು ಆ ಭಾನುವಾರವೂ ಬಂದ, ಬೂಟು ಕಟ್ಟಿದ, ಆಡಿದ. ಕಾಗವಾಡದವರ ಜೊತೆಗಿನ ಪಂದ್ಯದಲ್ಲಿ ಹುಬ್ಬು ಒಡೆದು ರಕ್ತ ಸುರಿಯುತ್ತಿದ್ದರೂ ಹೊರಗೆ ಬರಲಿಲ್ಲ. ಪಂದ್ಯ ಮುಗಿದ ಮೇಲೆ ನಾನು ಹತ್ತಿ ಹಿಡಿದು ಹೋದರೆ, "ನಾನ ಹಚ್ಕೋತೀನ್ರಿ," ಎಂದು ಕೈಯಿಂದ ಇಸಿದುಕೊಂಡ. ಮುಂದಿನ ವರ್ಷ ತಾಯಿಯ ಬೆನ್ನು ಹಿಡಿಯಿತು, ಅವಳಿಗೆ ಕಬ್ಬಿಗೆ ಬಾಗಲು ಆಗಲಿಲ್ಲ. ಇಬ್ಬರ ದುಡಿತವನ್ನೂ ಒಬ್ಬನೇ ಮಾಡಬೇಕಾಗಿ ಬಂದು ಭಾನುವಾರಗಳು ನಿಂತವು. ಬೂಟನ್ನು ತೊಳೆದು, ಒಣಗಿಸಿ, ಒಬ್ಬರ ಕೈಯಲ್ಲಿ ನನಗೆ ವಾಪಸು ಕಳಿಸಿದ.

ಆಮೇಲಿನ ನನ್ನ ಮ್ಯಾನೇಜರಿಕೆಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಸೋತೆವು, ಮತ್ತೆ ಸೋತೆವು. ಮನೆಮನೆಗೆ ಟಿ.ವಿ. ಬಂದು ಹುಡುಗರು ಕ್ರಿಕೆಟ್ಟಿನ ಕಡೆ ಹೋದರು. ಎಲ್ಲಿ ಸತ್ಕಾರಕ್ಕೆ ಕರೆದರೂ ನನ್ನನ್ನು ಆ ಪಂದ್ಯಾವಳಿಯ ಉತ್ತಮ ಬ್ಯಾಕ್ ಎಂದೇ ಪರಿಚಯಿಸುತ್ತಿದ್ದರು. ನಮ್ಮ ತಂಡದವರು ಮೊದಮೊದಲು ತಲೆ ತಗ್ಗಿಸುತ್ತಿದ್ದರು, ಕಡೆಕಡೆಗೆ ಅವರೂ ಚಪ್ಪಾಳೆ ತಟ್ಟಿದರು. ನನಗೇ ಒಂದೊಂದು ಸಲ ಆ ಫೈನಲ್ಲು ನಾನೇ ಆಡಿದಂತೆ ನೆನಪಾಗುತ್ತಿತ್ತು. ಇದಕ್ಕಿಂತ ಹೇಸಿಗೆಯ ಸಂಗತಿ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ತೊಂಬತ್ತರ ದಶಕದ ಕೊನೆಗೆ ಪೇಪರಿನಲ್ಲಿ ಒಂದು ಜಾಹೀರಾತು ನೋಡಿದೆ. ಮತ್ತೆ ಆಟಗಾರರಿಗೆ ಜಾಗ ಕರೆದಿದ್ದರು, ವಯಸ್ಸಿನ ಮಿತಿಯನ್ನು ಸ್ವಲ್ಪ ಏರಿಸಿದ್ದರು. ಅವನಿಗೆ ಆಗ ಮೂವತ್ತೊಂದು. ಮಿತಿಯೊಳಗೆ ಇನ್ನೊಂದೇ ಸಲ ಬರುತ್ತಿದ್ದ, ಅದು ಇದೇ. ಪೇಪರನ್ನು ಮೂರು ದಿನ ಅಂಗಿಯ ಕಿಸೆಯಲ್ಲಿ ಹೊತ್ತು ತಿರುಗಿದೆ. ಆಮೇಲೆ ಕೂತು ಪತ್ರ ಬರೆದೆ. ನಾಲ್ಕು ಸಲ ಹರಿದು ಐದನೆಯ ಸಲ ನೇರವಾಗಿ ಬಂತು: ನನ್ನ ಹೆಸರಿನಲ್ಲಿ ಆಡಿದವನು ಇವನು, ಸರ್ಟಿಫಿಕೇಟು ಇವನದು, ಪಟ್ಟಿಯಲ್ಲಿ ಹೆಸರು ಬದಲಿಸಿದವನು ನಾನು. ಹೆಂಡತಿಗೆ ಓದಿ ಹೇಳಿದೆ. "ಈಗರೆ ಹೋಗ್ರಿ," ಎಂದು ಬುತ್ತಿ ಕಟ್ಟಿಕೊಟ್ಟಳು. ಗೋಡೆಯ ಮೇಲಿನದನ್ನು ಅವಳೇ ಇಳಿಸಿ, ಸೆರಗಿನಿಂದ ಒರೆಸಿ, ಕಾಗದದಲ್ಲಿ ಸುತ್ತಿದಳು.

ರಾಯಬಾಗದಲ್ಲಿ ಬಸ್ಸು ಬದಲಿಸಿ ದಿಗ್ಗೇವಾಡಿಗೆ ಹೋದೆ. ಎರಡು ಕೋಣೆಯ ಮನೆ, ಒಳಗೋಡೆಗೆ ಬುದ್ಧನ ಫೋಟೊ. ಅವನು ಹೊಲದಿಂದ ಆಗಷ್ಟೇ ಬಂದಿದ್ದ. ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ, ಕೆನ್ನೆ ಬತ್ತಿದ್ದವು. "ಬರ್ರಿ ಸಾಹೇಬ್ರ," ಎಂದು ಒಳಗೆ ಕರೆದು, ಇದ್ದ ಒಂದು ಕುರ್ಚಿಯ ಮೇಲೆ ನನ್ನನ್ನು ಕೂರಿಸಿ ತಾನು ನೆಲದ ಮೇಲೆ ಕೂತ. ಜಾಹೀರಾತು ಕೊಟ್ಟೆ. ಸುತ್ತಿದ ಸರ್ಟಿಫಿಕೇಟು ಕೊಟ್ಟೆ. ಪತ್ರ ಕೊಟ್ಟೆ.

ಮೊದಲಿನಂತೆಯೇ ಎರಡು ಸಲ ಓದಿದ. ಎರಡನೆಯ ಸಲ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದ. ಒಳಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ಒಮ್ಮೆ ನೋಡಿದ. ಅವಳಿಗೆ ಏನೋ ಒಳ್ಳೆಯದು ನಡೆದಿದೆ ಎಂದು ಗೊತ್ತಾಗಿ ಅವಳ ಮುಖವೂ ಬದಲಾಯಿತು. ಆಮೇಲೆ ಅವನು ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದ, ಮತ್ತೆ ಮುಂದೆ ನೋಡಿದ.

"ಸಹಿ ಇಲ್ಲಲ್ರಿ ಸಾಹೇಬ್ರ," ಅಂದ.

ನಿನ್ನ ಎದುರಿಗೇ ಮಾಡಬೇಕೆಂದು ಬಿಟ್ಟಿದ್ದೇನೆ ಎನ್ನಲು ಬಾಯಿ ತೆರೆದೆ. ಬಸ್ಸಿನಲ್ಲಿ ಬರುವಾಗ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೆ, ನಂಬಿಯೂ ಇದ್ದೆ. ಕೈ ಕಿಸೆಯ ಹತ್ತಿರ ಹೋಯಿತು. ಅಧ್ಯಕ್ಷರ ಮುಖ ಕಂಡಿತು. ಕಾಟಾದ ಅಂಗಳದಲ್ಲಿ ನಾಲ್ಕು ಜನ ಸೇರಿ ನನ್ನ ಬಗ್ಗೆ ಮಾತಾಡುವುದು ಕಿವಿಗೆ ಬಿತ್ತು. ಕೈ ಅಲ್ಲೇ ನಿಂತಿತು.

"ಪೆನ್ನ ಮರತ ಬಂದೀನೋ ತಮ್ಮಾ," ಅಂದೆ.

ಪೆನ್ನು ನನ್ನ ಕಿಸೆಯಲ್ಲೇ ಇತ್ತು. ಅದರ ಟೊಪ್ಪಿಗೆ ಹೊರಗೆ ಕಾಣುತ್ತಿತ್ತು. ಅವನು ಒಂದು ಸಲ ಆ ಕಡೆ ನೋಡಿದ, ಅಷ್ಟೇ. ಬೇರೆ ಪೆನ್ನು ತರುತ್ತೇನೆ ಎನ್ನಲಿಲ್ಲ. ಪತ್ರವನ್ನು ನಾನು ಮಡಚಿದ್ದ ಮಡಿಕೆಯಲ್ಲೇ ಮತ್ತೆ ಮಡಚಿ, ಸರ್ಟಿಫಿಕೇಟಿನ ಮೇಲಿಟ್ಟು, ಎರಡನ್ನೂ ನನ್ನ ಕಡೆ ಸರಿಸಿದ.

"ಇರಲಿ ಬಿಡ್ರಿ. ಐದ ಮ್ಯಾಚ್ ನಿಮ್ಮ ಹೆಸರಿನ್ಯಾಗ ಆಡೀನಿ, ಒಂದ ಗೋಲ ಬೀಳಗೊಡಲಿಲ್ಲ. ಈಗ ನಾನ ಯಾಕ ನಿಮ್ಮ ಹೆಸರ ಕೆಡಸ್ಲಿ?"

ಅವನ ಹೆಂಡತಿ ಚಹಾ ತಂದಳು. ಏನು ನಡೆಯಿತೆಂದು ಅವಳಿಗಿನ್ನೂ ತಿಳಿದಿರಲಿಲ್ಲ, ನಗುತ್ತಲೇ ಕಪ್ಪು ಬಸಿ ನನ್ನ ಕೈಗೆ ಕೊಟ್ಟಳು. ಕುಡಿದೆ. ಸರ್ಟಿಫಿಕೇಟನ್ನು ಕಂಕುಳಲ್ಲಿಟ್ಟುಕೊಂಡು, ಪತ್ರವನ್ನು ಕಿಸೆಯೊಳಗೆ ಪೆನ್ನಿನ ಪಕ್ಕಕ್ಕೆ ತುರುಕಿ, ಬಸ್ಸಿಗೆ ನಡೆದೆ.